ಎಂಟು ತಿಂಗಳ ಉಪ್ಪು

ವಿಡಿಯೋ ಗೇಮ್ ಅಂಗಡಿ ಇಟ್ಟುಕೊಂಡವಳಿಗೆ ಜನರ ಬಾಯಿಂದ ಬೇರೆ ಮಾತು ಕೇಳುವ ಭಾಗ್ಯವಿಲ್ಲ. ಹೊಸ ಆಟದ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ, ಮಗ್ಗುಲಿಗೆ ಅಂಟಿಸಿದ ಚೀಟಿ ಓದುತ್ತಾರೆ, ಪೆಟ್ಟಿಗೆ ಕೆಳಗಿಟ್ಟು, "ಇದೇನು ನ್ಯಾಯಾನಾ ಇಂದ್ರಮ್ಮ?" ಎನ್ನುತ್ತಾರೆ. ನ್ಯಾಯ ಬೇಕಿದ್ದರೆ ಕೋರ್ಟಿಗೆ ಹೋಗಿ, ಆಟ ಬೇಕಿದ್ದರೆ ಇಲ್ಲಿ ನಿಲ್ಲಿ ಎಂದು ನಾನೂ ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಬೆಲೆ ಹಾಕುವವಳು ನಾನಲ್ಲ. ಗುರುವಾರದ ಲಾರಿಯಲ್ಲಿ ಪೆಟ್ಟಿಗೆ ಬರುತ್ತದೆ, ಚೀಟಿಯೂ ಅದರ ಜೊತೆಯಲ್ಲೇ ಬರುತ್ತದೆ. ನಾನು ಅಂಟಿಸುವವಳು, ಅಷ್ಟೆ. ಆದರೂ ಬೈಸಿಕೊಳ್ಳುವವಳು ನಾನೇ.

ನಮ್ಮ ಊರಿನಲ್ಲಿ ಹೊಸದಾಗಿ ಬಂದ ವಸ್ತುವಿಗೆ ಮೊದಲ ವರ್ಷ ದುಡ್ಡು ನಡೆಯುವುದಿಲ್ಲ. ನಾಲಿಗೆಯ ರುಚಿ ಕೊಟ್ಟು ಕೊಳ್ಳಬೇಕು. ಕೊಟ್ಟಷ್ಟು ದಿನ ಆ ರುಚಿ ನಾಲಿಗೆಗೆ ತಿಳಿಯುವುದಿಲ್ಲ. ಹೊಸ ಕೊಡೆಗೆ ಎರಡು ದಿನದ ಮಜ್ಜಿಗೆ, ಹೊಸ ಸೈಕಲ್ಲಿಗೆ ಆರು ವಾರದ ಬೆಲ್ಲ. ಹೊಸ ಆಟಕ್ಕೆ ಎಂಟು ತಿಂಗಳ ಉಪ್ಪು. ಕೊಳ್ಳುವವರು ನಾನು ಕೊಟ್ಟ ಚಮಚವನ್ನು ನಾಲಿಗೆಯ ಮೇಲಿಟ್ಟುಕೊಂಡು ಹತ್ತರವರೆಗೆ ಎಣಿಸುತ್ತಾರೆ. ಆ ಚಮಚವನ್ನು ಪೆಟ್ಟಿಗೆಯ ಪಕ್ಕದ ಸೀಳಿಗೆ ಹಾಕಿದರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಒಂದು ಪೆಟ್ಟಿಗೆಗೆ ಒಂದೇ ನಾಲಿಗೆ. ಅರ್ಧ ನನ್ನದು ಅರ್ಧ ನಿನ್ನದು ಎನ್ನುವುದು ನಡೆಯುವುದಿಲ್ಲ. ರುಚಿ ಯಾರು ಕೊಟ್ಟರೂ ಸರಿ, ಆದರೆ ಒಂದು ಮನೆಯಲ್ಲಿ ಶುರುವಾದ ಆಟ ವರ್ಷ ತುಂಬುವವರೆಗೆ ಎರವಲಿಗೆ ಇನ್ನೊಬ್ಬರ ಮನೆಯಲ್ಲಿ ಶುರುವಾಗುವುದಿಲ್ಲ. ದಿನ ಕಳೆದಂತೆ ಬೆಲೆ ಮಾತ್ರ ಇಳಿಯುತ್ತದೆ. ಮೂರು ತಿಂಗಳು ತುಂಬಿದ ಗುರುವಾರ ಉಪ್ಪಿನ ಚೀಟಿ ಹೋಗಿ ನಾಲ್ಕು ದಿನದ ಹೀರೇಕಾಯಿಯ ಚೀಟಿ ಬರುತ್ತದೆ. ವರ್ಷವಾದ ಮೇಲೆ ಇಪ್ಪತ್ತು ರೂಪಾಯಿ ಬಿಸಾಕಿ ಎತ್ತಿಕೊಂಡು ಹೋಗಬಹುದು. ಹಿಂದೆ ಹಾಗಲಕಾಯಿಯನ್ನೂ ತೆಗೆದುಕೊಳ್ಳುತ್ತಿದ್ದರು. ಊರಿಗೆ ಊರೇ ಸಾಲುಗಟ್ಟಿ ನಿಂತು ಕೊಟ್ಟು, ನಗುನಗುತ್ತ ಮನೆಗೆ ಹೋದ ಮೇಲೆ ಅದನ್ನು ನಿಲ್ಲಿಸಿಬಿಟ್ಟರು.

ಜನ ಇದಕ್ಕೆಲ್ಲ ಒಗ್ಗಿಕೊಂಡಿದ್ದಾರೆ. ಮದುವೆ ಮನೆಯಲ್ಲಿ ಉಪ್ಪು ಕೊಟ್ಟವರು ಕೊನೆಯ ಪಂಕ್ತಿಯಲ್ಲಿ ಕೂರುತ್ತಾರೆ, ಅವರ ಎಲೆಗೆ ಉಪ್ಪಿನಕಾಯಿ ಬಡಿಸಿ ದಂಡ ಮಾಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಏನನ್ನೂ ಕೊಳ್ಳುವುದಿಲ್ಲ, ಒಬ್ಬರ ನಾಲಿಗೆಯಾದರೂ ಮನೆಗೆ ಬೇಕಲ್ಲ. ಇನ್ನೊಂದು ಮರ್ಯಾದೆಯಿದೆ: ರುಚಿ ಕೊಟ್ಟವರು ಮಾಡಿದ ಅಡುಗೆಯನ್ನು ಯಾರೂ ಆಡಿಕೊಳ್ಳಬಾರದು. ಬೆಲ್ಲ ಕೊಟ್ಟವಳು ಪಾಯಸ ಮಾಡಿ ಬಡಿಸಿದರೆ, ಅದು ಹೇಗೇ ಇರಲಿ, ಚೆನ್ನಾಗಿದೆ ಎಂದು ಕುಡಿದು ಎದ್ದು ಬರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಈವರೆಗೆ ಹೊಸದು ಏನನ್ನೂ ಕೊಂಡವಳಲ್ಲ. ಹಳೆಯ ಕೊಡೆ, ಹಳೆಯ ಫ್ಯಾನು, ಅಣ್ಣ ಬಿಟ್ಟುಹೋದ ಅಂಗಡಿ. ಮಧ್ಯಾಹ್ನ ಮೊಸರನ್ನಕ್ಕೆ ಎರಡು ಹೋಳು ನಿಂಬೆ ಉಪ್ಪಿನಕಾಯಿ ಇದ್ದರೆ ನನಗೆ ಯಾರ ಹಂಗೂ ಬೇಡ.

ಹಾಗಾಗಿ ಗೊಣಗುವ ಗಿರಾಕಿಗೆ ನನ್ನದು ಒಂದೇ ಉತ್ತರ: ಕಾಯಿರಿ. ಅಕ್ಕಿಯಲ್ಲ, ಔಷಧಿಯಲ್ಲ, ಆಟ ತಾನೇ? ಮೂರು ತಿಂಗಳು ಕಾದರೆ ಗಂಟೇನು ಹೋಗುತ್ತದೆ? ಈ ಮಾತಿಗೆ ಎದುರಾಡಿದವರು ಯಾರೂ ಇರಲಿಲ್ಲ, ತಮ್ಮಯ್ಯಣ್ಣ ಬರುವವರೆಗೆ.

ತಮ್ಮಯ್ಯಣ್ಣ ಬಸ್ ಸ್ಟ್ಯಾಂಡಿನ ಎದುರು ಹೋಟೆಲ್ ನಡೆಸುತ್ತಾನೆ. ಆರು ಬೆಂಚು, ಒಂದು ಕೈ ತೊಳೆಯುವ ತೊಟ್ಟಿ, ಒಂದು ಬಗೆಯ ತಿಳಿಸಾರು. ಆ ಸಾರಿಗಾಗಿ ಡ್ರೈವರುಗಳು ಬಸ್ಸನ್ನು ಹತ್ತು ನಿಮಿಷ ತಡವಾಗಿ ಬಿಡುತ್ತಿದ್ದರು. ಅವನ ಹೆಂಡತಿ ಪಂಕಜ ನನ್ನ ಜೊತೆ ಓದಿದವಳು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದಳು. ಕಾಲು ಬಿದ್ದುಹೋದ ಮೇಲೆ ಮನೆಯಲ್ಲಿ ಕೂತು ಟೀವಿಗೆ ಆಟ ಹಾಕಿಕೊಳ್ಳತೊಡಗಿದಳು. ಬೇರೆ ಆಟ ಅವಳಿಗೆ ರುಚಿಸಲಿಲ್ಲ. ಒಂದೇ ಒಂದು, ಎಮ್ಮೆ ಹುಡುಕುವ ಆಟ. ಮೊದಲ ಭಾಗದಲ್ಲಿ ಒಬ್ಬ ಹೆಂಗಸಿನ ಎಮ್ಮೆ ಕಳೆದುಹೋಗುತ್ತದೆ. ಎರಡನೇ ಭಾಗ ಮುಗಿಯುವ ಹೊತ್ತಿಗೆ ಎಮ್ಮೆಯ ಕೊರಳ ಗಂಟೆ ಮಾತ್ರ ಸಿಗುತ್ತದೆ. ಇದರಲ್ಲಿ ಏನಿದೆ ಎಂದು ನಾನು ಎಷ್ಟು ಸಲ ಕೇಳಿದರೂ, "ನಿಂಗೆ ಗೊತ್ತಾಗಲ್ಲ ಹೋಗೇ ಇಂದ್ರಿ" ಎನ್ನುತ್ತಿದ್ದಳು.

ಮೂರನೇ ಭಾಗ ಬಂದ ಗುರುವಾರವೇ ತಮ್ಮಯ್ಯಣ್ಣ ಅಂಗಡಿಗೆ ಬಂದ. ಭುಜದ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಚೀಟಿಯನ್ನು ಎರಡು ಸಲ ಓದಿದ.

"ಉಪ್ಪೇ ಬೇಕಾ ಇಂದ್ರಮ್ಮ? ಬೇರೆ ಏನಾದ್ರೂ ನಡೆಯಲ್ವಾ? ಕಾಫಿ ತಗೊಳ್ಳಿ. ಸಿಹಿ ತಗೊಳ್ಳಿ, ಎರಡು ವರ್ಷ ಬೇಕಾದ್ರೂ ತಗೊಳ್ಳಿ."

"ಚೀಟೀಲಿ ಏನಿದೆಯೋ ಅದೇ ಅಣ್ಣ."

"ಅಡಿಗೆ ಮಾಡೋನು ನಾನು. ಉಪ್ಪು ಕೊಟ್ಟು ಹೋಟ್ಲು ಹೆಂಗೆ ನಡೆಸ್ಲಿ?"

ಅಭ್ಯಾಸಬಲ. ನನ್ನ ಬಾಯಿಂದ ಆ ಮಾತು ಬಂದೇಬಿಟ್ಟಿತು. "ಮೂರು ತಿಂಗಳು ಕಾಯಿರಿ ಅಣ್ಣ, ಹೀರೇಕಾಯಿಗೆ ಇಳಿಯುತ್ತೆ."

ಅವನು ಪೆಟ್ಟಿಗೆಯನ್ನು ಕೈಯಿಂದ ಕೆಳಗಿಡಲಿಲ್ಲ. "ಡಾಕ್ಟರು ಅವಳಿಗೆ ಒಂದು ತಿಂಗಳು ಅಂದಿದ್ದಾರೆ" ಎಂದ.

ಪಂಕಜಳಿಗೆ ಹುಷಾರಿಲ್ಲವೆಂದು ಗೊತ್ತಿತ್ತು. ಇಷ್ಟೆಂದು ಗೊತ್ತಿರಲಿಲ್ಲ. ಬಟ್ಟೆ ತೆಗೆದುಕೊಂಡು ಕೌಂಟರ್ ಒರೆಸತೊಡಗಿದೆ.

"ಅವಳ ನಾಲಿಗೇಲಿ ಕೊಡೋಕೆ ಏನೂ ಉಳಿದಿಲ್ಲ. ಮಾತ್ರೆ ನುಂಗಿ ನುಂಗಿ ಎಲ್ಲಾ ಮಣ್ಣು ಅಂತಾಳೆ" ಎಂದ. "ನೀವೇ ಹೇಳಿ. ಅದೇ ಪೆಟ್ಟಿಗೆ, ಒಳಗಿರೋದು ಅದೇ ಎಮ್ಮೆ. ಮೂರು ತಿಂಗಳು ತಡೆದೋನಿಗೆ ಹೀರೇಕಾಯಿ, ತಡೆಯೋಕಾಗದೋನಿಗೆ ಉಪ್ಪು. ಸರೀನಾ ಇದು?"

ನನಗೆ ಆಗ ಒಂದು ಹೊಳೆಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ನಾಲಿಗೆಯಲ್ಲಿ ಉಪ್ಪು ಇತ್ತು. ನಾನು ಯಾರಿಗೂ ಅಡುಗೆ ಮಾಡಿ ಹಾಕಬೇಕಾಗಿರಲಿಲ್ಲ. ಪಂಕಜ ನನ್ನ ಗೆಳತಿ. ಅಷ್ಟರಲ್ಲಿ ಎಂಟು ತಿಂಗಳು ಬರೀ ಸಪ್ಪೆ ಮೊಸರನ್ನ ಕಣ್ಣ ಮುಂದೆ ಬಂತು. ಅವನು ಕೇಳಿಯೂ ಇರಲಿಲ್ಲ, ನಾನೇ ಮುಂದಾಗಿ, "ಅಂಗಡಿಯವರು ಕೊಡೋ ಹಾಗಿಲ್ಲ ಅಣ್ಣ, ರೂಲ್ಸು" ಎಂದೆ. ಅಂಥ ರೂಲ್ಸು ಯಾವುದೂ ಇಲ್ಲ. ಅವನು, "ನಿಮ್ಮನ್ನ ಕೇಳ್ತೀನಾ, ಬಿಡ್ತು ಅನ್ನಿ" ಎಂದು, ಸಾರಿನ ಪಾತ್ರೆ ಇಳಿಸಿ ಬರುತ್ತೇನೆಂದು ಹೋದ.

ಲಾರಿ ಇನ್ನೂ ಬೀದಿಯಲ್ಲೇ ನಿಂತಿತ್ತು. ಲಾರಿಯ ಮುನೀರ್ ಸಾಬರನ್ನು ಹಿಡಿದು ನಿಲ್ಲಿಸಿ ಕೇಳಿದೆ: ಈ ಬೆಲೆ ಹಾಕುವವರು ಯಾರು, ಅವರಿಗೆ ಕರುಣೆ ಎನ್ನುವುದು ಇದೆಯೇ? ಮುನೀರ್ ಸಾಬರು ಹಗ್ಗ ಬಿಗಿಯುತ್ತ, "ನಾನು ಅವರನ್ನ ನೋಡಿಲ್ಲಮ್ಮ. ಗೋಡೌನಿನಲ್ಲಿ ಮಾತಾಡೋದು ಕೇಳಿದ್ದೀನಿ. ಈ ಎಮ್ಮೆ ಆಟಾನ ಇನ್ನೂರು ಜನ ಆರು ವರ್ಷ ಕೂತು ಮಾಡಿದ್ರಂತೆ. ಕಣ್ಣು ಹೋಯ್ತು, ಬೆನ್ನು ಹೋಯ್ತು, ತಿಂದದ್ದು ಏನೂ ಗೊತ್ತಾಗ್ತಿರ್ಲಿಲ್ಲವಂತೆ. ಅವರಿಗೂ ಊಟಕ್ಕೆ ಉಪ್ಪು ಬೇಡವಾ?" ಎಂದರು. ಅದೂ ಸರಿಯೇ ಅನ್ನಿಸಿತು. ತಮ್ಮಯ್ಯಣ್ಣ ಹೇಳಿದ್ದೂ ಸರಿ, ಇದೂ ಸರಿ. ಎರಡು ಸರಿಗಳನ್ನು ತಲೆಯಲ್ಲಿಟ್ಟುಕೊಂಡು ನಾನು ಅಂಗಡಿಗೆ ವಾಪಸಾದೆ. ಅಲ್ಲಿಂದ ಶುರುವಾದ ಗೊಂದಲ ಇನ್ನೂ ಇಳಿದಿಲ್ಲ.

ತಮ್ಮಯ್ಯಣ್ಣ ಬಂದ. ಟವೆಲ್ಲಿನ ತುದಿಯಲ್ಲಿ ಎರಡು ಹರಳುಪ್ಪು ಕಟ್ಟಿಕೊಂಡು ಬಂದಿದ್ದ. ಒಂದನ್ನು ಬಾಯಿಗೆ ಹಾಕಿಕೊಂಡು ಕರಗುವವರೆಗೆ ಕಣ್ಣು ಮುಚ್ಚಿ ನಿಂತ. ಆಮೇಲೆ ಚಮಚ ಕೊಡಿ ಎಂದು ಕೈ ಚಾಚಿದ. ಹತ್ತು ಎಣಿಸಿದ ಮೇಲೆ ಇನ್ನೊಂದು ಹರಳು ಬಾಯಿಗೆ ಹಾಕಿಕೊಂಡು ನೋಡಿದ. "ಕಲ್ಲು" ಎಂದ. ಪೆಟ್ಟಿಗೆ ತೆಗೆದುಕೊಂಡು ಹೊರಟವನು ಬಾಗಿಲಲ್ಲಿ ನಿಂತು, "ಅವಳಿಗೆ ಹೇಳ್ಬೇಡಿ. ಹಾಗಲಕಾಯಿ ಮತ್ತೆ ತಗೋತಿದ್ದಾರೆ, ಆಫರ್ ಇತ್ತು ಅಂತ ಹೇಳ್ತೀನಿ" ಎಂದ.

ತಮ್ಮಯ್ಯಣ್ಣ ಉಪ್ಪು ಕೊಟ್ಟ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬಿತು, ಪಂಕಜಳ ಮನೆ ಒಂದನ್ನು ಬಿಟ್ಟು. ಮೊದಲ ವಾರ ಏನೂ ತೊಂದರೆಯಾಗಲಿಲ್ಲ, ಮೂವತ್ತು ವರ್ಷ ಸಾರು ಮಾಡಿದ ಕೈಗೆ ಅಳತೆ ತಾನಾಗಿ ಗೊತ್ತಿರುತ್ತದೆ. ಎರಡನೇ ವಾರ ದಿನಸಿ ಅಂಗಡಿಯವನು ಹರಳುಪ್ಪು ಖಾಲಿ ಎಂದು ಪುಡಿಯುಪ್ಪು ಕಳಿಸಿದ. ತಮ್ಮಯ್ಯಣ್ಣ ಅದೇ ಹಿಡಿ ಹಿಡಿದ. ಹಿಡಿ ಹರಳಿಗೂ ಹಿಡಿ ಪುಡಿಗೂ ಎಷ್ಟು ವ್ಯತ್ಯಾಸವೆಂದು ನಾಲಿಗೆಯಿದ್ದ ಯಾರಿಗಾದರೂ ಒಂದು ತುತ್ತಿಗೇ ಗೊತ್ತಾಗುತ್ತಿತ್ತು. ಗೊತ್ತಾದವರು ಹೇಳುವ ಹಾಗಿಲ್ಲ, ಮರ್ಯಾದೆ. ಡ್ರೈವರುಗಳು ಎರಡು ಲೋಟ ನೀರು ಹೆಚ್ಚಿಗೆ ಕುಡಿದು, "ಚೆನ್ನಾಗಿತ್ತು ಅಣ್ಣ" ಎಂದು ಎದ್ದರು. ಮಾರನೆಯ ದಿನ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವು. ಬೆಂಚುಗಳು ಒಂದೊಂದಾಗಿ ಖಾಲಿಯಾದವು. ನಾನು ಮಾತ್ರ ದಿನಾ ಹೋಗಿ ಊಟ ಮಾಡುತ್ತಿದ್ದೆ. ಪ್ರಾಯಶ್ಚಿತ್ತವೋ ಏನೋ, ನನಗೇ ತಿಳಿಯದು. ಕಣ್ಣಲ್ಲಿ ನೀರು ಬರುವಷ್ಟು ಉಪ್ಪು. ಅವನು ಎದುರು ನಿಂತು, "ಯಾಕೋ ಜನ ಕಮ್ಮಿ ಆಗಿದ್ದಾರೆ ಇಂದ್ರಮ್ಮ" ಎನ್ನುತ್ತಿದ್ದ. ನಾನು ತಲೆ ತಗ್ಗಿಸಿ ಕಲಸುತ್ತಿದ್ದೆ.

ಒಂದು ಭಾನುವಾರ ಪಂಕಜಳನ್ನು ನೋಡಲು ಹೋದೆ. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಟೀವಿಯಲ್ಲಿ ಎಮ್ಮೆ ಕಳೆದುಕೊಂಡ ಆ ಹೆಂಗಸು ಯಾರದೋ ಜಗಲಿಯ ಮೇಲೆ ಕೂತು ಯಾರ ಜೊತೆಗೋ ಮಾತಾಡುತ್ತಿದ್ದಳು. ಪಕ್ಕದಲ್ಲಿ ತಮ್ಮಯ್ಯಣ್ಣ ಚಡಪಡಿಸುತ್ತಿದ್ದ.

"ನೋಡಿ ಇಂದ್ರಮ್ಮ, ಮೂರು ವಾರದಿಂದ ಇದೇ ಆಯ್ತು. ಎಮ್ಮೆ ಹುಡುಕೇ ಅಂದ್ರೆ ಕಂಡೋರ ಮನೇಲಿ ಕೂತು ಹರಟೆ ಹೊಡೀತಾಳೆ."

"ನೀವು ಹೋಗ್ರೀ, ಕಾಫಿ ತನ್ನಿ" ಎಂದು ಅವನನ್ನು ಒಳಗೆ ಅಟ್ಟಿದಳು. ಅವನು ಹೋದದ್ದೇ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ಎಮ್ಮೆ ಒಂಬತ್ತನೇ ದಿನಾನೇ ಸಿಕ್ತು ಕಣೇ. ಕೆರೆ ಏರಿ ಹಿಂದೆ ನಿಂತಿತ್ತು. ಕೊರಳಿಗೆ ಹಗ್ಗ ಹಾಕಿದ್ರೆ ಆಟ ಮುಗಿದುಹೋಗುತ್ತೆ. ಅದಕ್ಕೇ ನೋಡಿದೆ, ಹುಲ್ಲು ಹಾಕಿದೆ, ಹಿಂದಕ್ಕೆ ಬಂದೆ."

"ಮತ್ತೆ ಅವರಿಗೆ ಹೇಳಿಲ್ವಾ?"

"ಹೇಳಿದ್ರೆ ಕಟ್ಟು ಕಟ್ಟು ಅಂತ ಪ್ರಾಣ ತಿಂತಾರೆ. ಎಮ್ಮೆ ಸಿಗಲಿ ಅಂತ ಅವರಿಗೆ ನನಗಿಂತ ಅವಸರ." ಆಮೇಲೆ ಟೀವಿಯ ಕಡೆ ತಿರುಗಿ, "ಹಾಗಲಕಾಯಿಗೆ ಇಷ್ಟು ದೊಡ್ಡ ಆಟ. ಭಾರೀ ಅಗ್ಗ ಆಯ್ತಲ್ಲೇ? ನಿನ್ನ ಕಂಪನಿಯವರು ಹೀಗೆ ಕೊಟ್ಟರೆ ಬದುಕ್ತಾರಾ?" ಎಂದಳು.

ನಾನು ಹ್ಞೂಂ ಅಂದೆ. ಇನ್ನೇನು ಹೇಳಲಿ? ಒಳಗೆ ನಿಂತಿರುವವನು ಅವಳಿಗೆ ಸುಳ್ಳು ಹೇಳಿದ್ದಾನೆ, ಇವಳು ಅವನಿಗೆ ಸುಳ್ಳು ಹೇಳುತ್ತಿದ್ದಾಳೆ, ನಾನು ಇಬ್ಬರಿಗೂ ಸುಳ್ಳು ಹೇಳಿ ಮಧ್ಯದಲ್ಲಿ ಕಾಫಿಗೆ ಕಾಯುತ್ತಿದ್ದೇನೆ. ಎಂಟು ತಿಂಗಳ ಉಪ್ಪು ಕೊಟ್ಟು ತಂದ ಆಟವನ್ನು ಆಡದೆ ಇರುವುದೇ ಆಟವಾದರೆ ಅದಕ್ಕೆ ಏನು ಬೆಲೆ ಹೇಳಬೇಕು? ಮನೆಗೆ ಬಂದು ಹಾಸಿಗೆ ಹಾಸುವುದನ್ನೂ ಮರೆತು ಇದನ್ನೇ ಯೋಚಿಸಿದೆ.

ಡಾಕ್ಟರು ಹೇಳಿದ ಒಂದು ತಿಂಗಳು ಕಳೆಯಿತು. ಪಂಕಜ ಹಾಗೆಯೇ ಇದ್ದಳು. ಇನ್ನೂ ಎರಡು ವಾರ ಕಳೆಯಿತು. ಒಂದು ಗುರುವಾರ ತಮ್ಮಯ್ಯಣ್ಣ ಅಂಗಡಿಗೆ ಬಂದ. ಉಪ್ಪು ವಾಪಸ್ ಕೇಳಲು ಬಂದನೇನೋ ಎಂದುಕೊಂಡೆ.

"ಇಂದ್ರಮ್ಮ, ಇದು ಹೀರೇಕಾಯಿಗೆ ಇಳಿಯೋದು ಯಾವತ್ತು?" ಎಂದ.

"ಇನ್ನು ಏಳು ವಾರ ಅಣ್ಣ."

"ಅಷ್ಟರವರೆಗೆ ಅವಳು ಇದ್ದರೆ, ನಾನು ಉಪ್ಪು ಕೊಟ್ಟಿದ್ದು ದಂಡ. ಅಲ್ವಾ? ಕಾದಿದ್ರೆ ಆಗ್ತಿತ್ತು."

ಅವನ ಮುಖ ಹಬ್ಬದ ದಿನದ ಮುಖವಾಗಿತ್ತು.

"ದಂಡ ಆಗ್ಬೇಕು ಇಂದ್ರಮ್ಮ. ನಾನು ಮೋಸ ಹೋಗ್ಬೇಕು. ಊರೆಲ್ಲ ನಗಬೇಕು, ತಮ್ಮಯ್ಯ ಹೀರೇಕಾಯಿ ಮಾಲಿಗೆ ಉಪ್ಪು ಸುರಿದ ಅಂತ. ಅಷ್ಟು ಆದ್ರೆ ಸಾಕು."

ಹನ್ನೊಂದು ವರ್ಷದಲ್ಲಿ ನನ್ನ ಅಂಗಡಿಗೆ ಬಂದು ಮೋಸ ಹೋಗಬೇಕೆಂದು ಹರಕೆ ಹೊತ್ತವನು ಇವನೊಬ್ಬನೇ. ನನಗೆ ಅಳು ಬಂತು. ಅತ್ತೂಬಿಟ್ಟೆ. ಅಳುತ್ತ ಅಳುತ್ತ ಮರ್ಯಾದೆಯನ್ನು ಗಾಳಿಗೆ ತೂರಿ, "ಅಣ್ಣ, ನಿಮ್ಮ ಸಾರು ಬಾಯಿಗೆ ಇಡೋ ಹಾಗಿಲ್ಲ, ಉಪ್ಪು ಮೂರರಷ್ಟಿದೆ, ಅದಕ್ಕೇ ಜನ ಬರ್ತಿಲ್ಲ" ಎಂದೆ. ಅದರ ಹಿಂದೆಯೇ ರೂಲ್ಸಿನ ಸುಳ್ಳೂ ಹೊರಗೆ ಬಂತು. ನಾನೇ ಕೊಡಬಹುದಿತ್ತು, ಕೊಡಲು ಮನಸ್ಸು ಬರಲಿಲ್ಲ ಎಂದೆ.

ಅವನು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. "ಸಾರಿನ ವಿಷ್ಯ ಮೊದಲೇ ಹೇಳಬಾರದಿತ್ತಾ? ಒಂದೂವರೆ ತಿಂಗಳು ಜನಕ್ಕೆ ಏನು ತಿನ್ನಿಸಿದೆನೋ" ಎಂದ. ಆಮೇಲೆ, "ಇನ್ನೊಂದು ವಿಷ್ಯ ಬಿಡಿ. ನೀವು ಕೊಡ್ತೀನಿ ಅಂದಿದ್ರೂ ನಾನು ತಗೋತಿರ್ಲಿಲ್ಲ. ನನ್ನ ಹೆಂಡ್ತಿ ಆಟ ಅದು" ಎಂದ. ನಿಜವಾಗಿ ಹೇಳಿದನೋ, ನನ್ನ ಸಮಾಧಾನಕ್ಕೆ ಹೇಳಿದನೋ, ಅವನ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಹೋಟೆಲಿಗೆ ಹೋಗಿ ಸಾರಿನ ಉಪ್ಪು ನೋಡಿ ಬರುವುದು ನನ್ನ ಕೆಲಸವಾಯಿತು. ಅವನು ಸೌಟಿನಿಂದ ನನ್ನ ಅಂಗೈಗೆ ಬಿಡುತ್ತಿದ್ದ, ನಾನು ಚಪ್ಪರಿಸಿ ಇನ್ನೊಂದು ಚಿಟಿಕೆ ಎನ್ನುತ್ತಿದ್ದೆ. ಡ್ರೈವರುಗಳು ಮೆಲ್ಲಗೆ ವಾಪಸಾದರು. ಪ್ರತಿ ಗುರುವಾರ ಅವನು ಬಂದು ಎಷ್ಟು ವಾರ ಉಳಿಯಿತೆಂದು ಕೇಳುತ್ತಿದ್ದ. ಐದು. ನಾಲ್ಕು. ಮೂರು. ಪಂಕಜಳೂ ಯಾರದೋ ಮನೆಯ ಹಪ್ಪಳ ಒಣಹಾಕುವುದು, ಯಾರದೋ ಮಗುವನ್ನು ತೂಗುವುದು, ಹೀಗೆ ಆಡುತ್ತ ಕಾಲ ತಳ್ಳುತ್ತಿದ್ದಳು.

ಎರಡು ವಾರ ಉಳಿದಾಗ ಅವಳು ಮಾತು ನಿಲ್ಲಿಸಿದಳು. ಆಸ್ಪತ್ರೆಗೆ ಸೇರಿಸಿದರು. ನಾನು ಮುನೀರ್ ಸಾಬರ ಕಾಲು ಹಿಡಿಯುವುದೊಂದು ಬಾಕಿ, ಮುಂದಿನ ಚೀಟಿಯನ್ನು ಈಗಲೇ ತಂದುಕೊಡಿ ಎಂದು ಬೇಡಿದೆ. ಅದು ತಮ್ಮ ಕೈಯಲ್ಲಿಲ್ಲ ಎಂದು ಅವರು ಕಣ್ಣು ತಪ್ಪಿಸಿದರು. ಆಗ ನಾನು ಒಂದು ಕೆಲಸ ಮಾಡಿದೆ. ತಿಳಿದು ಮಾಡಿದೆನೋ ತಲೆ ಕೆಟ್ಟು ಮಾಡಿದೆನೋ ಹೇಳಲಾರೆ. ಬಿಳಿ ಕಾಗದ ಕತ್ತರಿಸಿ, 'ಹೀರೇಕಾಯಿ, ನಾಲ್ಕು ದಿನ' ಎಂದು ದುಂಡಗೆ ಬರೆದು, ಅಂಗಡಿಯಲ್ಲಿ ಉಳಿದಿದ್ದ ಎಮ್ಮೆಯ ಪೆಟ್ಟಿಗೆಗೆ ಅಂಟಿಸಿದೆ. ಆಸ್ಪತ್ರೆಗೆ ಊಟ ತೆಗೆದುಕೊಂಡು ಹೋಗುತ್ತಿದ್ದ ತಮ್ಮಯ್ಯಣ್ಣನನ್ನು ಬೀದಿಯಲ್ಲೇ ಕರೆದೆ.

"ಇಳೀತು ಅಣ್ಣ. ಮುಂಚೇನೇ ಇಳೀತು" ಎಂದೆ.

ಅವನು ಕ್ಯಾರಿಯರ್ ಕೆಳಗಿಟ್ಟು ಚೀಟಿಯನ್ನು ಬೆರಳಿನಿಂದ ಸವರಿದ. ಇಂಕು ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆರಳು ನೋಡಿಕೊಂಡ, ನನ್ನನ್ನು ನೋಡಿದ.

"ಬೇಡಮ್ಮ" ಎಂದ. "ಇದರಲ್ಲಿ ಮಾತ್ರ ಮೋಸ ಬೇಡ. ಮೋಸ ಹೋದ್ರೆ ನಿಜವಾಗೇ ಹೋಗ್ತೀನಿ."

ನಾನು ಚೀಟಿ ಕಿತ್ತು ಉಂಡೆ ಮಾಡಿ ಸೆರಗಿನ ಗಂಟಿಗೆ ಸೇರಿಸಿದೆ. ಉಪ್ಪಿನ ಚೀಟಿಯನ್ನು ಮತ್ತೆ ಅಂಟಿಸಿದೆ. ಅವನು ಕ್ಯಾರಿಯರ್ ಎತ್ತಿಕೊಂಡು ಆಸ್ಪತ್ರೆಯ ಕಡೆ ನಡೆದ.

ಪಂಕಜ ಆಮೇಲೆ ಹನ್ನೆರಡು ದಿನ ಇದ್ದಳು. ಮಂಗಳವಾರ ಬೆಳಿಗ್ಗೆ ಹೋದಳು. ಬುಧವಾರ ಎಲ್ಲ ಮುಗಿಯಿತು. ಗುರುವಾರ ಎಂದಿನಂತೆ ಲಾರಿ ಬಂತು. ಮುನೀರ್ ಸಾಬರು ಚೀಟಿಗಳ ಕಟ್ಟನ್ನು ಕೌಂಟರಿನ ಮೇಲಿಟ್ಟು ಹೋದರು. ಮೇಲಿನದೇ ಅದು, ಹೀರೇಕಾಯಿ, ನಾಲ್ಕು ದಿನ. ಅಂಟಿಸಲೋ ಬೇಡವೋ ತಿಳಿಯದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಗಿರಾಕಿಗಳು ಬಂದು ಕೇಳಿದರು. ಇನ್ನೂ ಬಂದಿಲ್ಲ, ನಾಳೆ ಬನ್ನಿ ಎಂದೆ.

ತಮ್ಮಯ್ಯಣ್ಣ ಹನ್ನೊಂದು ಗಂಟೆಯ ಹೊತ್ತಿಗೆ ಬಂದ. ತಲೆ ಬೋಳಿಸಿಕೊಂಡಿದ್ದ, ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡಿದ್ದ. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ನನ್ನ ಕೈಯಲ್ಲಿದ್ದ ಚೀಟಿ ಮೆಲ್ಲಗೆ ಬಿಡಿಸಿಕೊಂಡು ಓದಿದ, ತಾನೇ ಉಪ್ಪಿನ ಚೀಟಿಯ ಮೇಲೆ ಅದನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ. ಮೂಲೆ ಮೂಲೆ ಒತ್ತಿದ.

"ಎರಡೇ ದಿನ" ಎಂದ.

"ಹೌದು ಅಣ್ಣ."

"ಹಾಗಾದ್ರೆ ನಾನು ಮೋಸ ಹೋಗಿಲ್ಲ. ಕಾದಿದ್ರೆ ಅವಳಿಗೆ ಸಿಗ್ತಿರ್ಲಿಲ್ಲ. ನ್ಯಾಯವಾದ ಬೆಲೇನೇ ಕೊಟ್ಟಿದ್ದೀನಿ, ಅಲ್ವಾ ಇಂದ್ರಮ್ಮ?"

ಬೆಲೆ ನ್ಯಾಯವಾದದ್ದೇ ಎನ್ನುವ ಗಿರಾಕಿಗಾಗಿ ಹನ್ನೊಂದು ವರ್ಷ ಕಾದಿದ್ದೆ. ಅಲ್ಲ, ಅನ್ಯಾಯ, ಘೋರ ಅನ್ಯಾಯ ಎಂದು ಕೂಗಬೇಕೆನಿಸಿತು. ಕೂಗಿದ್ದರೆ ಅವನ ಕೈಯಲ್ಲಿ ಏನು ಉಳಿಯುತ್ತಿತ್ತು? ಹೌದಣ್ಣ, ನ್ಯಾಯವಾದ ಬೆಲೆಯೇ ಎಂದೆ. ಅವನು ತಲೆಯಾಡಿಸಿ, ಇನ್ನು ಐದು ತಿಂಗಳು ಬೆಳಿಗ್ಗೆ ಬಂದು ಸಾರು ನೋಡಬೇಕಾಗುತ್ತದೆ, ಬೇಜಾರಾಗಬೇಡಿ ಎಂದು ಹೇಳಿ ಹೋಟೆಲಿಗೆ ಹೋದ.
​